ದೀಪ ಆರಿತ್ತು, ವಾಲ್ವ್ ತೆರೆದೇ ಇತ್ತು: ಕಂಟ್ರೋಲ್ ರೂಮಿನ ಪ್ಯಾನೆಲ್ ಬಗ್ಗೆ ಮಾತಾಡೋಣ ಬರ್ರಿ

ರಾತ್ರಿಪಾಳಿ, ರಾಯಚೂರು

ಕೊಪ್ಪಳದ ಕಡೆ ಅಣುಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ನಮ್ಮಲ್ಲಿ ಚಹಾದ ಅಂಗಡಿಯಲ್ಲೂ ಅದೇ ಮಾತು. ಬೇಕೋ ಬೇಡವೋ ಅನ್ನುವ ಚರ್ಚೆ ಬೇರೆ ಕಡೆ ನಡೆದಿದೆ, ಅದು ಅಲ್ಲೇ ಇರಲಿ. ಆ ಮಾತಿನ ನಡುವೆ ಮತ್ತೆ ಮತ್ತೆ ಬರುವ ಒಂದು ಮಾತು ನನಗೆ ನೋವು ಕೊಡುತ್ತದೆ: "ಮಷೀನ್ ಸರಿ ಇರ್ತದ, ಕುಂತ ಮನುಷ್ಯಾನೇ ತಪ್ಪು ಮಾಡ್ತಾನ." ನಾನು 22 ವರ್ಷ ಕಲ್ಲಿದ್ದಲು ಸ್ಥಾವರಗಳಲ್ಲಿ ಕಂಟ್ರೋಲ್ ರೂಮಿನ ಡೆಸ್ಕಿನ ಮುಂದೆ ಕೂತವನು. ಅಣುಸ್ಥಾವರದಲ್ಲಿ ದುಡಿದಿಲ್ಲ. ಆದರೆ ಡ್ಯೂಟಿ ಮುಗಿಸಿ ಬಂದು ಓದಿದ್ದರಲ್ಲಿ ಹೆಚ್ಚಿನದು ಅಲ್ಲಿನ ಅಪಘಾತಗಳ ಬಗ್ಗೆಯೇ. ನಮ್ಮ ಡೆಸ್ಕಿನ ಕಷ್ಟವನ್ನು ಅಷ್ಟು ಬಿಡಿಸಿ ಬರೆದಿಟ್ಟದ್ದು ನನಗೆ ಬೇರೆಲ್ಲೂ ಸಿಗಲಿಲ್ಲ.

1979ರ ಮಾರ್ಚ್ 28. ಅಮೆರಿಕದ ಪೆನ್ಸಿಲ್ವೇನಿಯಾ, ತ್ರೀ ಮೈಲ್ ಐಲೆಂಡ್ ಅಣುಸ್ಥಾವರ, ಎರಡನೇ ಯೂನಿಟ್. ಬೆಳಗಿನ ಜಾವ ನಾಲ್ಕು ಗಂಟೆ. ಆ ಹೊತ್ತು ಎಂಥದ್ದು ಅಂತ ರಾತ್ರಿಪಾಳಿ ಮಾಡಿದವರಿಗೆ ಹೇಳಬೇಕಿಲ್ಲ. ಹಬೆ ಮಾಡಲು ನೀರು ಕೊಡುವ ಫೀಡ್ ಪಂಪುಗಳು ಟ್ರಿಪ್ ಆದವು, ಅಂದರೆ ತಾವಾಗಿ ನಿಂತವು; ಬೆನ್ನಿಗೇ ಟರ್ಬೈನ್ ಟ್ರಿಪ್. ರಿಯಾಕ್ಟರಿನ ಒತ್ತಡ ಏರಿತು, ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆಯಿತು, ಎಂಟು ಸೆಕೆಂಡಿನಲ್ಲಿ ರಿಯಾಕ್ಟರ್ ತಾನಾಗಿ ನಿಂತಿತು. ಇಲ್ಲಿಯತನಕ ಎಲ್ಲವೂ ಆಗಬೇಕಾದ ಹಾಗೇ ಆಯಿತು. ಒತ್ತಡ ಇಳಿದ ಮೇಲೆ ಆ ವಾಲ್ವ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ತೆರೆದ ಹಾಗೇ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಮಾತ್ರ ಆರಿತು.

ಆ ದೀಪದ ವೈರು ವಾಲ್ವ್ ತನಕ ಹೋಗಿರಲೇ ಇಲ್ಲ. ವಾಲ್ವ್ ಎತ್ತುವ ಸೊಲೆನಾಯ್ಡಿಗೆ ಕರೆಂಟ್ ಇದ್ದರೆ ದೀಪ ಉರಿಯುತ್ತದೆ, ಕರೆಂಟ್ ತೆಗೆದರೆ ಆರುತ್ತದೆ, ಅಷ್ಟೇ. ದೀಪ ಹೇಳಿದ್ದು "ಮುಚ್ಚು ಅಂತ ಹೇಳಿ ಆಯಿತು" ಎಂದು. ಮುಂದೆ ನಿಂತವರು ಓದಿಕೊಂಡದ್ದು "ಮುಚ್ಚಿದೆ" ಎಂದು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಓದಿಕೊಳ್ಳುತ್ತಿದ್ದೆ. ಆ ವಾಲ್ವಿನ ದಾರಿಯನ್ನು ಇನ್ನೊಂದು ವಾಲ್ವಿನಿಂದ ಬಂದ್ ಮಾಡಿದ್ದು 6 ಗಂಟೆ 22 ನಿಮಿಷಕ್ಕೆ. ಅಷ್ಟು ಹೊತ್ತು ರಿಯಾಕ್ಟರನ್ನು ತಂಪಾಗಿಡಬೇಕಾದ ನೀರು ಅಲ್ಲಿಂದಲೇ ಹರಿದು ಹೋಗುತ್ತಿತ್ತು. ರಿಯಾಕ್ಟರಿನ ಒಡಲಿನ ಹೆಚ್ಚುಕಡಿಮೆ ಅರ್ಧ ಭಾಗ ಕರಗಿತು.

ಇದನ್ನು "ಆಪರೇಟರ್ ತಪ್ಪು" ಅಂತ ಒಂದು ಸಾಲಿನಲ್ಲಿ ಮುಗಿಸಬಹುದೇ? ನಿಮ್ಮ ಅನುಭವವೂ ಹೇಳಿ. ಸ್ಥಾವರದವರೇ ಆಗಬೇಕೆಂದಿಲ್ಲ.

ಡಿಪ್ಲೊಮಾ ಹುಡುಗ, ದೇವಸೂಗೂರು

ಸರ್, ಎರಡು ತಾಸಿಗಿಂತ ಹೆಚ್ಚು ಹೊತ್ತು ಯಾರಿಗೂ ತಿಳೀಲಿಲ್ಲ ಅಂದ್ರ ನಂಬಾಕ ಕಷ್ಟ ಆಗ್ತದ. ನೀರು ಹೊರಗ ಹೋದ್ರ ಎಲ್ಲ್ಯರ ಒಂದು ಕಡಿ ಲೆವೆಲ್ ಇಳೀಬೇಕಲ್ರಿ? ಒಂದು ದೀಪ ಸುಳ್ಳು ಹೇಳಿದ್ರ ಉಳಿದ ಮೀಟರ್ ಎಲ್ಲಾ ಏನು ಹೇಳ್ತಿದ್ವು?

ರಾತ್ರಿಪಾಳಿ, ರಾಯಚೂರು

ತಮ್ಮಾ, ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀ. ಸ್ವಲ್ಪ ಉದ್ದ ಬರೀತೀನಿ.

ಲೆವೆಲ್ ಇಳಿಯಲಿಲ್ಲ, ಏರಿತು. ಅವರ ಕಣ್ಣ ಮುಂದೆ ಇದ್ದದ್ದು ರಿಯಾಕ್ಟರಿನ ಒತ್ತಡ ಕಾಯುವ ಪ್ರೆಶರೈಸರ್ ಎಂಬ ಪಾತ್ರೆಯ ಲೆವೆಲ್. ಸೋರುತ್ತಿದ್ದ ವಾಲ್ವ್ ಆ ಪಾತ್ರೆಯ ತಲೆಯ ಮೇಲೆ ಇತ್ತು. ಒತ್ತಡ ಕುಸಿದು ನೀರು ಆವಿಯಾಗುತ್ತ, ಮೇಲಕ್ಕೆ ನುಗ್ಗುತ್ತ, ಆ ಪಾತ್ರೆ ತುಂಬಿದ ಹಾಗೆ ಕಂಡಿತು. ರಿಯಾಕ್ಟರಿನ ಒಳಗೇ ನೀರು ಎಲ್ಲಿಯವರೆಗೆ ಇದೆ ಅಂತ ನೇರವಾಗಿ ತೋರಿಸುವ ಮೀಟರ್ ಆ ಕೋಣೆಯಲ್ಲಿ ಇರಲಿಲ್ಲ. ಪ್ರೆಶರೈಸರ್ ನೋಡಿ ರಿಯಾಕ್ಟರನ್ನು ಅಂದಾಜು ಮಾಡುವುದೇ ಅಲ್ಲಿನ ಪದ್ಧತಿ. ಪ್ರೆಶರೈಸರ್ ಪೂರ್ತಿ ತುಂಬಿಬಿಡಬಾರದು ಅಂತ ತರಬೇತಿಯಲ್ಲಿ ತಲೆಗೆ ತುಂಬಿದ್ದರು. ಹಾಗಾಗಿ ತಾನಾಗಿ ಚಾಲೂ ಆಗಿ ನೀರು ತುಂಬುತ್ತಿದ್ದ ತುರ್ತು ಪಂಪುಗಳನ್ನು ಅವರೇ ತಗ್ಗಿಸಿದರು. ಕಂಡದ್ದಕ್ಕೆ ತಕ್ಕಂತೆ, ಕಲಿಸಿದ್ದಕ್ಕೆ ತಕ್ಕಂತೆ ನಡೆದುಕೊಂಡರು. ಫಲ ಉಲ್ಟಾ ಆಯಿತು.

ಸುಳಿವುಗಳು ಇದ್ದವು. ಆ ವಾಲ್ವಿನಿಂದ ಹೊರಬಿದ್ದ ನೀರು ಸೇರುವ ಟ್ಯಾಂಕಿನ ಒತ್ತಡ, ಉಷ್ಣತೆ ಎರಡೂ ಏರಿದ್ದವು. ಆ ಮೀಟರುಗಳು ಎಲ್ಲಿದ್ದವು ಗೊತ್ತಾ? ಮುಖ್ಯ ಪ್ಯಾನೆಲ್ಲಿನ ಹಿಂಬದಿ. ಡೆಸ್ಕಿನಿಂದ ಕಾಣುವುದಿಲ್ಲ, ಎದ್ದು ಸುತ್ತು ಹಾಕಿ ಹೋಗಬೇಕು. ಇತ್ತ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಬೇರ್ಪಡಿಸುವ ವ್ಯವಸ್ಥೆ ಇಲ್ಲ. ಅಲಾರಂಗಳನ್ನು ಅಚ್ಚು ಹಾಕುವ ಪ್ರಿಂಟರ್ ಎರಡು ಗಂಟೆಗೂ ಹೆಚ್ಚು ಹಿಂದೆ ಬಿದ್ದಿತ್ತು. ಈಗ ಆಗುತ್ತಿರುವುದರ ಚೀಟಿ ಕೈಗೆ ಬರುವುದು ಇನ್ನೆರಡು ಗಂಟೆಗೆ! ಆ ಅಲಾರಂ ಪ್ಯಾನೆಲ್ ಕಿತ್ತು ಬಿಸಾಕಬೇಕು ಅನ್ನಿಸಿತ್ತು ಅಂತ ಅಲ್ಲಿನ ಒಬ್ಬ ಆಪರೇಟರ್ ತನಿಖೆಯಲ್ಲಿ ಹೇಳಿದ್ದಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೂಟರ್ ಕೂಗುತ್ತಿರುವಾಗ ಮೊದಲು ಕೈ ಹೋಗುವುದು ಅಕ್ಸೆಪ್ಟ್ ಬಟನ್ನಿಗೆ. ಓದುವುದಕ್ಕಲ್ಲ, ಸದ್ದು ನಿಂತರೆ ಸಾಕು, ಯೋಚನೆ ಮಾಡಬಹುದು ಅಂತ.

ಇನ್ನೊಂದು ಇದೆ. ತುರ್ತು ಫೀಡ್ ಪಂಪುಗಳು ಚಾಲೂ ಆದವು, ಆದರೆ ಅವುಗಳ ಲೈನಿನ ಎರಡು ವಾಲ್ವ್ ಮುಚ್ಚಿದ್ದವು. ಕೆಲವು ದಿನಗಳ ಹಿಂದೆ ಪರೀಕ್ಷೆಗೆಂದು ಮುಚ್ಚಿ ತೆರೆಯದೆ ಬಿಟ್ಟದ್ದು. ಅದು ಕಣ್ಣಿಗೆ ಬಿದ್ದದ್ದು ಎಂಟು ನಿಮಿಷದ ಮೇಲೆ. ಅವುಗಳಲ್ಲಿ ಒಂದರ ದೀಪದ ಮೇಲೆ ಮೇಂಟೆನೆನ್ಸ್ ಟ್ಯಾಗ್ ನೇತಾಡುತ್ತಿತ್ತು, ದೀಪ ಅದರಡಿ ಮುಚ್ಚಿಹೋಗಿತ್ತು.

ಕೊನೆಗೆ ಕಂಡುಹಿಡಿದದ್ದು ಆರು ಗಂಟೆಯ ಸುಮಾರಿಗೆ ಹೊಸದಾಗಿ ಒಳಗೆ ಬಂದ ಒಬ್ಬ ಸೂಪರ್‌ವೈಸರ್. ವಾಲ್ವಿನ ಹೊರದಾರಿಯ ಪೈಪಿನ ಉಷ್ಣತೆ ನೋಡಿ ಅನುಮಾನ ಪಟ್ಟ. ಒಳಗಿದ್ದವರೂ ಆ ಅಂಕಿ ನೋಡಿದ್ದರು. ಆದರೆ ಆ ವಾಲ್ವ್ ಮೊದಲಿನಿಂದಲೂ ಸ್ವಲ್ಪ ಸೋರುತ್ತಿತ್ತು, ಪೈಪ್ ಯಾವಾಗಲೂ ಬಿಸಿಯೇ ಇರುತ್ತಿತ್ತು, ಅದಕ್ಕೇ ತಲೆ ಕೆಡಿಸಿಕೊಂಡಿರಲಿಲ್ಲ.

ಹೊಲದ ಮಾತು, ಮಾನ್ವಿ

ಅಣ್ಣಾರ, ನನಗ ಅಣುಸ್ಥಾವರ ತಿಳಿಯಂಗಿಲ್ಲ. ಆದ್ರ ಆ ದೀಪದ ಕತಿ ಓದಿ ಎದಿ ಧಸಕ್ಕಂತು. ನಮ್ಮ ಹೊಲದಾಗ ಇದ ಆಗ್ಯಾದ.

ನಮ್ಮದು ಎಡದಂಡೆ ಕಾಲುವಿ ಕಡೀ ಭಾಗ. ನೀರು ಬಂದ್ರ ಬಂತು, ಇಲ್ಲಂದ್ರ ಇಲ್ಲ. ಅದಕ್ಕ ಹಳ್ಳಕ್ಕ ಒಂದು ಮೋಟರ್ ಇಟ್ಟೀವಿ. ತ್ರೀ ಫೇಜ್ ಕರೆಂಟ್ ರಾತ್ರಿ ಬರ್ತದ, ಹಳ್ಳದ ದಂಡ್ಯಾಗ ಹಾವು ಚೇಳಿನ ಕಾಟ. ಅದಕ್ಕ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಮನ್ಯಾಗ ಮಲಗಿದಲ್ಲಿಂದ ಫೋನ್ ಹಚ್ಚಿದ್ರ "ಮೋಟರ್ ಚಾಲೂ ಆಗಿದೆ" ಅಂತ ಹೆಣ್ಣು ದನಿ ಹೇಳ್ತದ. ನೆಲ್ಲು ಹೊಡೆ ಹಾಯೋ ಟೈಮ್. ನಾಕು ರಾತ್ರಿ ಹಂಗ ಚಾಲೂ ಮಾಡಿ, ದನಿ ಕೇಳಿ, ನಿಶ್ಚಿಂತಿ ಮಲಗಿದೆ. ಐದನೇ ದಿನ ಹೋಗಿ ನೋಡ್ತೀನಿ, ಮಡಿ ಬಿರುಕು ಬಿಟ್ಟಾವ. ಫುಟ್‌ವಾಲ್ವಿನ್ಯಾಗ ಕಸ ಸಿಕ್ಕು ಪೈಪಿನ ನೀರೆಲ್ಲಾ ಇಳದು ಹೋಗಿತ್ತು. ಮೋಟರ್ ತಿರುಗ್ಯಾದ, ನೀರು ಎತ್ತಿಲ್ಲ. ಪಂಪಿನ ಸೀಲ್ ಸುಟ್ಟು ಕರ್ರಗ ಆಗಿತ್ತು.

ಆ ದನಿ ಸುಳ್ಳು ಹೇಳಿಲ್ರಿ. ಮೋಟರ್ ಚಾಲೂ ಆಗಿತ್ತು ಖರೇ. ನನಗ ಬೇಕಾಗಿದ್ದು ನೀರು ಬಂತೋ ಇಲ್ಲೋ ಅಂತ. ಮನ್ಯಾಗ ಎಲ್ಲಾರೂ "ಹೋಗಿ ನೋಡಬೇಕಿತ್ತು" ಅಂತ ನನಗ ಅಂದ್ರು. ಹೋಗಿ ನೋಡೋದು ತಪ್ಪಲಿ ಅಂತನ ಅಲ್ಲೇನ್ರಿ ಅದನ್ನ ಹಾಕಿಸಿದ್ದು?

ಲೂಪ್ ಚೆಕ್, ಬಳ್ಳಾರಿ

ಹೊಲದ ಮಾತು ಅಣ್ಣಾ, ನಾನು ಇನ್‌ಸ್ಟ್ರುಮೆಂಟೇಷನ್ ಇಂಜಿನಿಯರ್. ಕಮಾಂಡ್ (ಕೊಟ್ಟ ಆಜ್ಞೆ) ಬೇರೆ, ಫೀಡ್‌ಬ್ಯಾಕ್ (ನಿಜಕ್ಕೂ ಆದದ್ದರ ಸುದ್ದಿ) ಬೇರೆ ಅಂತ ಹೊಸ ಹುಡುಗರಿಗೆ ಪಾಠ ಮಾಡುವಾಗ ಒದ್ದಾಡುತ್ತಿದ್ದೆ. ಇನ್ನು ಮೇಲೆ ನಿಮ್ಮ ಹಳ್ಳದ ಮೋಟರಿನ ಕತೆಯನ್ನೇ ಹೇಳುತ್ತೇನೆ, ಅಭ್ಯಂತರ ಇಲ್ಲ ಅಂದುಕೊಳ್ಳುತ್ತೇನೆ.

ನಿಮ್ಮ ಸ್ಟಾರ್ಟರ್ ಹೇಳುವುದು ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಕರೆಂಟ್ ಕೂಡಿಸುವ ಸ್ವಿಚ್, ಕೂತಿದೆ ಅಂತ. ಅದಾದ ಮೇಲೆ ಮೋಟರ್ ತಿರುಗಬೇಕು, ಪಂಪ್ ನೀರು ಹಿಡಿಯಬೇಕು, ಪೈಪಿನ ತುದಿಗೆ ನೀರು ಬರಬೇಕು. ಸರಪಳಿಯ ಮೊದಲ ಕೊಂಡಿ ನೋಡಿ ಕೊನೆಯ ಕೊಂಡಿಯ ಸುದ್ದಿ ಹೇಳಿದ ಹಾಗೆ. ತ್ರೀ ಮೈಲ್ ಐಲೆಂಡ್ ನಂತರ ಅಮೆರಿಕದ ಅಣು ನಿಯಂತ್ರಣ ಆಯೋಗ ಇದನ್ನೇ ಕಡ್ಡಾಯ ಮಾಡಿತು: ರಿಲೀಫ್ ವಾಲ್ವಿನ ಸ್ಥಿತಿಯನ್ನು ಆಜ್ಞೆಯಿಂದ ಊಹಿಸಬಾರದು, ನೇರವಾಗಿ ತೋರಿಸಬೇಕು. ಕೆಲವು ಕಡೆ ಹೊರದಾರಿಯ ಪೈಪಿಗೇ ಸದ್ದು ಹಿಡಿಯುವ ಸೆನ್ಸರ್ ಕೂಡಿಸಿದರು. ಹಬೆ ಹರಿದರೆ ಪೈಪ್ ಮೊರೆಯುತ್ತದೆ, ಆ ಮೊರೆತವೇ ಸಾಕ್ಷಿ.

ನಿಮಗೆ ಒಂದು ಸುಲಭದ ದಾರಿ ಹೇಳಲಾ? ಪೈಪಿನ ನೀರು ಬೀಳುವಲ್ಲಿ ಸಣ್ಣ ತೊಟ್ಟಿ ಕಟ್ಟಿ, ತಳದಲ್ಲಿ ಹೊಲಕ್ಕೆ ಹೋಗುವ ಕಿಂಡಿ ಬಿಡಿ. ನೀರು ಬೀಳುತ್ತಿರುವಷ್ಟು ಹೊತ್ತು ತೊಟ್ಟಿ ತುಂಬಿರುತ್ತದೆ, ನಿಂತರೆ ಖಾಲಿಯಾಗುತ್ತದೆ. ಮನೆ ಮೇಲಿನ ಟ್ಯಾಂಕಿಗೆ ಹಾಕುವಂಥ ಫ್ಲೋಟ್ ಸ್ವಿಚ್ ಅದರಲ್ಲಿ ಬಿಡಿ. ಸ್ಟಾರ್ಟರಿನ ಸಂದೇಶ ಆ ಸ್ವಿಚ್ ನೋಡಿ ಬರಲಿ. ನಿಮ್ಮ ಸ್ಟಾರ್ಟರಿನ ಒಳಗಿನ ಫೋಟೋ ಕಳಿಸಿ, ವೈರ್ ಎಲ್ಲಿ ಹಾಕಬೇಕು ಹೇಳುತ್ತೇನೆ.

ನಿವೃತ್ತ ಶಿಫ್ಟ್, ಶಕ್ತಿನಗರ

ಎಲ್ಲ ಓದಿದೆ. ಸ್ವಲ್ಪ ಬೇರೆ ಹೇಳಬೇಕು, ಬೇಸರ ಮಾಡಿಕೊಳ್ಳಬ್ಯಾಡ್ರಿ.

ಪ್ಯಾನೆಲ್ ಮೇಲೆ ಎಲ್ಲ ತಪ್ಪು ಹೊರಿಸಿಬಿಟ್ಟರೆ ಹುಡುಗರು ಕಲಿಯುವುದನ್ನೇ ಬಿಡುತ್ತಾರೆ. ಒಂದು ಮೀಟರ್ ನಂಬಬೇಡ, ಮೂರು ನೋಡಿ ತಾಳೆ ಹಾಕು ಅಂತ ನಮಗೆ ಕಲಿಸಿದರು. ಪೈಪಿನ ಉಷ್ಣತೆ ಏರಿದ್ದು ಅವರಿಗೂ ಕಂಡಿತ್ತು ಅಂತ ರಾತ್ರಿಪಾಳಿಯವರೇ ಬರೆದಿದ್ದಾರೆ. 1977ರಲ್ಲಿ ಓಹಾಯೋದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಅದೇ ತಯಾರಕರ ರಿಯಾಕ್ಟರಿನಲ್ಲಿ ಅದೇ ಕೆಲಸದ ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿತ್ತು. ಅಲ್ಲಿನವರು ಸುಮಾರು 20 ನಿಮಿಷದಲ್ಲಿ ಹಿಡಿದು ಬಂದ್ ಮಾಡಿದರು. ಮನುಷ್ಯರು ಹಿಡಿಯಬಲ್ಲರು.

ಎರಡನೆಯದು. ನಮ್ಮ ಕಾಲದ ಕಂಟ್ರೋಲ್ ಬೋರ್ಡ್ ಗೋಡೆಯುದ್ದ ಇರುತ್ತಿತ್ತು. ಬಾಯ್ಲರ್ ಎಡಕ್ಕೆ, ಟರ್ಬೈನ್ ನಡುವೆ, ಜನರೇಟರ್ ಬಲಕ್ಕೆ. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿದರೆ ಯೂನಿಟ್ಟಿನ ಆರೋಗ್ಯ ತಿಳಿಯುತ್ತಿತ್ತು. ಜತೆಯವನು ಎದ್ದು ಎಡಗಡೆ ನಡೆದರೆ, ಫೀಡ್ ವಾಟರ್ ಕಡೆ ಏನೋ ಆಗಿದೆ ಅಂತ ಅವನು ಬಾಯಿ ಬಿಡದೆಯೇ ಗೊತ್ತಾಗುತ್ತಿತ್ತು. ಈಗ ಎಲ್ಲರೂ ತಮ್ಮ ತಮ್ಮ ಸ್ಕ್ರೀನ್ ಮುಂದೆ ಮೌಸ್ ಹಿಡಿದು ಕೂತಿರುತ್ತಾರೆ. ಪಕ್ಕದವನು ಡ್ರಮ್ ಲೆವೆಲ್ (ಬಾಯ್ಲರ್ ಪಾತ್ರೆಯ ನೀರಿನ ಮಟ್ಟ) ನೋಡುತ್ತಿದ್ದಾನೋ ಬೇರೇನೋ, ಬೆನ್ನು ನೋಡಿದರೆ ತಿಳಿಯುವುದಿಲ್ಲ. ಒಂದು ವಾಲ್ವ್ ಹುಡುಕಲು ನಾಲ್ಕು ಪುಟ ತೆರೆಯಬೇಕು. ಕೀಲಿ ಕಿಂಡಿಯಿಂದ ಇಡೀ ಮನೆ ನೋಡಿದ ಹಾಗೆ.

ಡಿಪ್ಲೊಮಾ ಹುಡುಗ, ದೇವಸೂಗೂರು

ಕಾಕಾ, ಒಂದು ಸಣ್ಣ ಪ್ರಶ್ನೆ. ಟ್ರೈನಿಂಗಿಗೆ ಹೋದಾಗ ಬ್ರೇಕರ್ ಪ್ಯಾನೆಲ್ ಮ್ಯಾಲ ಕೆಂಪು ದೀಪ ನೋಡಿ ಏನೋ ಕೆಟ್ಟದ ಅಂತ ನಿಂತಬಿಟ್ಟಿದ್ದೆ. ಕೆಂಪು ಅಂದ್ರ ಚಾಲೂ, ಹಸಿರು ಅಂದ್ರ ಬಂದ್ ಅಂತ ಆಮ್ಯಾಲ ಹೇಳಿದ್ರು. ರಸ್ತ್ಯಾಗ ಒಂದು, ಸ್ಥಾವರದಾಗ ಒಂದು ಯಾಕ?

ನಿವೃತ್ತ ಶಿಫ್ಟ್, ಶಕ್ತಿನಗರ

ತಮ್ಮಾ, ಕೆಂಪು ಇದ್ದರೆ ಅಲ್ಲಿ ಕರೆಂಟ್ ಜೀವಂತ ಇದೆ, ಮುಟ್ಟಬೇಡ ಅಂತ. ವಿದ್ಯುತ್ ಕೆಲಸದಲ್ಲಿ ಹಿಂದಿನಿಂದ ಬಂದ ರೂಢಿ. ಅಮೆರಿಕದ ಅಣುಸ್ಥಾವರಗಳಲ್ಲೂ ಹಾಗೇ, ತೆರೆದ ವಾಲ್ವಿಗೆ ಕೆಂಪು. ರೂಢಿಯಾದವರಿಗೆ ಕಷ್ಟವಿಲ್ಲ. ಹೊಸಬರಿಗೂ, ಗಾಬರಿಯ ಹೊತ್ತಿಗೆ ಹಳಬರಿಗೂ ಒಂದು ಕ್ಷಣ ತಡೆಯುತ್ತದೆ. ಬಣ್ಣದ ಜೊತೆ ಅಕ್ಷರವೂ ಇರಬೇಕು ಅಂತ ನಾನು ಯಾವಾಗಲೂ ಕೇಳುತ್ತಿದ್ದೆ.

ಲೂಪ್ ಚೆಕ್, ಬಳ್ಳಾರಿ

ಕಾಕಾ, ಕೀಲಿ ಕಿಂಡಿಯ ಮಾತು ನಿಜ. ಸಂಶೋಧಕರೂ ಅದಕ್ಕೆ ಅದೇ ಹೆಸರು ಕೊಟ್ಟಿದ್ದಾರೆ. ಫ್ರಾನ್ಸಿನ ಶೋ ಎಂಬಲ್ಲಿ 1996ರಲ್ಲಿ ಗ್ರಿಡ್‌ಗೆ ಸೇರಿದ ಸ್ಥಾವರದ ಕಂಟ್ರೋಲ್ ರೂಮ್ ಪೂರ್ತಿ ಕಂಪ್ಯೂಟರಿನದು. ಅಲ್ಲೂ ಗೋಡೆಯ ಮೇಲೆ ಇಡೀ ಸ್ಥಾವರದ ದೊಡ್ಡ ಚಿತ್ರ ಇಟ್ಟರು, ಎಲ್ಲರೂ ಒಂದೇ ಚಿತ್ರ ನೋಡಲಿ ಅಂತ. ಸ್ಕ್ರೀನ್ ಬಂದದ್ದಕ್ಕೆ ಕೆಟ್ಟಿತು ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಹಳೆ ಪ್ಯಾನೆಲ್ಲನ್ನು ಹಾಗೇ ಕತ್ತರಿಸಿ ಸ್ಕ್ರೀನಿಗೆ ಅಂಟಿಸಿದ್ದಕ್ಕೆ ಕೆಟ್ಟಿತು.

ಒಂದು ಉದಾಹರಣೆ ತಗೊಳ್ಳಿ. ನಮ್ಮ ಕೈಗಾದಂಥ 220 ಮೆಗಾವ್ಯಾಟಿನ ಭಾರಜಲ ರಿಯಾಕ್ಟರಿನಲ್ಲಿ 306 ಇಂಧನ ಚಾನೆಲ್, ಅಂದರೆ ಇಂಧನ ಇಡುವ ಕೊಳವೆಗಳು, ಇರುತ್ತವೆ. ಒಂದೊಂದರಿಂದ ಹೊರಬರುವ ನೀರಿನ ಉಷ್ಣತೆ ಮುಖ್ಯ. 306 ಅಂಕಿಗಳನ್ನು ಸಾಲಾಗಿ ಪಟ್ಟಿ ಮಾಡಿ ತೋರಿಸಿದರೆ ಮಾಹಿತಿ ಎಲ್ಲ ಇದೆ, ಆದರೆ ಯಾರಿಗೂ ಏನೂ ಕಾಣುವುದಿಲ್ಲ. ಅದೇ ಅಂಕಿಗಳನ್ನು ರಿಯಾಕ್ಟರಿನ ಗುಂಡನೆ ಮುಖದ ಚಿತ್ರದಲ್ಲಿ, ಆಯಾ ಚಾನೆಲ್ಲಿನ ಜಾಗದಲ್ಲೇ ಇಟ್ಟು, ಸರಿ ಇದ್ದದ್ದನ್ನೆಲ್ಲ ಬೂದು ಬಣ್ಣದಲ್ಲಿ ಬಿಡಿ. ಎಡಗಡೆ ಮೂಲೆಯಲ್ಲಿ ಅಕ್ಕಪಕ್ಕದ ನಾಲ್ಕು ಬಿಸಿಯಾದರೆ ಅಲ್ಲೇ ಕಣ್ಣು ಹೋಗುತ್ತದೆ. ಒಂದೇ ಒಂದು ದೂರದಲ್ಲಿ ಕೆಂಪಾದರೆ ಸೆನ್ಸರ್ ಕೆಟ್ಟಿರಬಹುದಾ ಅಂತ ಅನುಮಾನ ತಾನೇ ಹುಟ್ಟುತ್ತದೆ. ಅಂಕಿ ಅದೇ, ಕೂಡಿಸಿದ ರೀತಿ ಬೇರೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಭಾಗ ಇದೇ, ಅದಕ್ಕೇ ಉದ್ದವಾಯಿತು.

ಅಲಾರಂ ಬಗ್ಗೆ: 1994ರಲ್ಲಿ ಬ್ರಿಟನ್ನಿನ ಮಿಲ್ಫೋರ್ಡ್ ಹೇವನ್ ತೈಲಾಗಾರದ ಸ್ಫೋಟಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂ ಬಂದಿದ್ದವು. ಅಲ್ಲಿನ ಉದ್ಯಮದ ಸಂಘ 1999ರಲ್ಲಿ ತಂದ ಮಾರ್ಗಸೂಚಿಯ ಅಳತೆ ಹೀಗಿದೆ: ಮಾಮೂಲಿ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಒಂದು, ಏನಾದರೂ ಕೆಟ್ಟಾಗ ಮೊದಲ ಹತ್ತು ನಿಮಿಷಕ್ಕೆ ಹತ್ತರೊಳಗೆ. ಮನುಷ್ಯನ ತಲೆಗೆ ಅಷ್ಟೇ ಹಿಡಿಯುವುದು. ನಾನು ಕಂಡ ಹೆಚ್ಚಿನ ಸ್ಥಾವರಗಳಲ್ಲಿ ಇದನ್ನು ಅಳೆದೇ ನೋಡುವುದಿಲ್ಲ.

ಐಸಿಯು ಅಕ್ಕ, ರಾಯಚೂರು

ನಾನು ನರ್ಸ್. ರಾತ್ರಿ ಆರು ಹಾಸಿಗೆ ನೋಡ್ತೀನಿ. ಬೆರಳಿನ ಕ್ಲಿಪ್ ಜಾರಿದ್ರೂ ಮಾನಿಟರ್ ಒದರ್ತದ, ಖರೇನ ಉಸಿರು ಕಡಿಮಿ ಆದ್ರೂ ಅದೇ ದನಿ. ಹತ್ತರಾಗ ಒಂಬತ್ತು ಸಲ ಕ್ಲಿಪ್ ಜಾರಿದ್ದೇ ಇರ್ತದ ಅಂತ ಕಿವಿಗೆ ರೂಢಿ ಆಗಿಬಿಡ್ತದ. ಹತ್ತನೇದು ಅಂತ ಹೆದರಿಕೊಂಡೇ ಪ್ರತಿ ಸಲ ಓಡ್ತೀನಿ. ಮಷೀನ್ ತಯಾರು ಮಾಡೋರು ಒಂದು ರಾತ್ರಿ ನಮ್ಮ ಜೋಡಿ ನಿಂತು ನೋಡಬೇಕು, ಬ್ಯಾರೆ ಏನೂ ಕೇಳಂಗಿಲ್ಲ.

ರಾತ್ರಿಪಾಳಿ, ರಾಯಚೂರು

ಅಕ್ಕಾರ, ನಿಮ್ಮ ಆ "ಒಂದು ರಾತ್ರಿ" ಮಾತು ಓದಿದ ಮೇಲೆ ನನ್ನದೂ ಹೇಳಲೇಬೇಕು. ಸ್ಥಾವರದ ಹೆಸರು, ಊರು ಬೇಡ. ಒಂದು ಕಾರ್ಖಾನೆಯ ಸಣ್ಣ ಪವರ್ ಪ್ಲಾಂಟ್. ರಾತ್ರಿ ಮೂರು ಗಂಟೆ. ಡೆಸ್ಕ್ ಮೇಲೆ ನಾನು, ಬಾಯ್ಲರ್ ಹತ್ತಿರ ಒಬ್ಬ ಲೋಕಲ್ ಹುಡುಗ.

ಡ್ರಮ್ ಲೆವೆಲ್ ಮೆಲ್ಲಗೆ ಇಳಿಯತೊಡಗಿತು. ಫೀಡ್ ಕಂಟ್ರೋಲ್ ವಾಲ್ವ್ ಎಷ್ಟು ತೆರೆದಿದೆ ಅಂತ ಸ್ಕ್ರೀನ್ ನೋಡಿದೆ, 62 ಪರ್ಸೆಂಟ್. ಕೂಡಿಸಿ 70 ಮಾಡಿದೆ, 70 ಅಂತ ತೋರಿಸಿತು. 80 ಮಾಡಿದೆ, 80. ಲೆವೆಲ್ ಇಳಿಯುತ್ತಲೇ ಇದೆ. ವಾಲ್ವ್ ತೆರೆದಿದೆ, ನೀರು ಹೋಗುತ್ತಿದೆ, ಹಾಗಾದರೆ ಎಲ್ಲೋ ಟ್ಯೂಬ್ ಒಡೆದಿರಬೇಕು ಅಂದುಕೊಂಡೆ. ಹುಡುಗನನ್ನು ಫರ್ನೇಸ್ ಕಡೆ ಸದ್ದು ಕೇಳಲು ಓಡಿಸಿದೆ. ಅವನು ಓಡಿದ್ದು ವಾಲ್ವಿಗೆ ಪೂರಾ ಎದುರು ದಿಕ್ಕಿಗೆ. ಅವನು ತಿರುಗಿ ಬರುವಷ್ಟರಲ್ಲಿ ಲೆವೆಲ್ ಲೋ ಲೋ (ತೀರಾ ಕಡಿಮೆ), ಬಾಯ್ಲರ್ ಟ್ರಿಪ್.

ಬೆಳಿಗ್ಗೆ ನೋಡಿದರೆ ವಾಲ್ವನ್ನು ಆಡಿಸುವ ಕೊಂಡಿಯ (ಲಿಂಕೇಜ್) ಒಂದು ಪಿನ್ ಬಿದ್ದಿತ್ತು, ನನ್ನ ಕಿರುಬೆರಳಿನಷ್ಟು ದಪ್ಪದ್ದು. ವಾಲ್ವ್ ಅರ್ಧಕ್ಕೂ ಕೆಳಗೆ ನಿಂತುಬಿಟ್ಟಿತ್ತು. ಸ್ಕ್ರೀನಿನಲ್ಲಿ ನನಗೆ ಕಂಡದ್ದು ನಾನೇ ಕೊಟ್ಟ ಆಜ್ಞೆ. ಅದಕ್ಕೆ "ವಾಲ್ವ್ ಸ್ಥಾನ" ಅಂತ ಹೆಸರು ಬರೆದಿದ್ದರು. ವಿಚಾರಣೆಯಲ್ಲಿ ನನಗೆ ಮೆಮೊ ಬಂತು, "ಫೀಡ್ ಫ್ಲೋ ಗಮನಿಸಲಿಲ್ಲ" ಅಂತ. ಫೀಡ್ ಫ್ಲೋ ಇನ್ನೊಂದು ಪುಟದಲ್ಲಿತ್ತು. ನೋಡಬೇಕಿತ್ತು, ಒಪ್ಪುತ್ತೇನೆ; ನಿವೃತ್ತ ಶಿಫ್ಟ್ ಕಾಕಾ ಹೇಳಿದ್ದು ಸರಿ. ಆದರೆ ಮೆಮೊ ನನ್ನ ಕೈಗೆ ಬಂತು, ಪಿನ್ ಬದಲಾಯಿತು, ಆ ಸ್ಕ್ರೀನ್ ಮಾತ್ರ ನಾನು ಆ ಕೆಲಸ ಬಿಡುವವರೆಗೂ ಹಾಗೇ ಇತ್ತು. ನನ್ನ ನಂತರ ಕೂತವನಿಗೂ ಅದೇ ಸುಳ್ಳು ಕಾಣುತ್ತಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬಿ-17 ವಿಮಾನಗಳಲ್ಲಿ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಬದಲು ಚಕ್ರವನ್ನೇ ಒಳಗೆ ಎಳೆದುಬಿಡುತ್ತಿದ್ದರು. ಪೈಲಟ್ ತಪ್ಪು ಅಂತಲೇ ಬರೆಯುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ಟಿನಲ್ಲಿ ಕೂತು ನೋಡಿದರೆ ಎರಡೂ ಸ್ವಿಚ್ ಅಕ್ಕಪಕ್ಕ, ಒಂದೇ ಆಕಾರ. ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಗಾಲಿ ಹಾಕಿಸಿದರು. ಕತ್ತಲಲ್ಲಿ ಮುಟ್ಟಿದರೂ ತಿಳಿಯಬೇಕು ಅಂತ. ಆ ತಪ್ಪು ನಿಂತಿತು. ಪೈಲಟ್‌ಗಳು ಅವರೇ, ಹಿಡಿಕೆ ಬದಲಾಯಿತು ಅಷ್ಟೇ.

ನಿವೃತ್ತ ಶಿಫ್ಟ್, ಶಕ್ತಿನಗರ

ನಿಮ್ಮ ಮೆಮೊ ಕತೆ ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಾನೂ ಮೆಮೊ ಬರೆದವನೇ. ಸ್ಕ್ರೀನಿನಲ್ಲಿ ಅವನಿಗೆ ಏನು ಕಾಣುತ್ತಿತ್ತು ಅಂತ ಪಕ್ಕದಲ್ಲಿ ಕೂತು ನೋಡಿ ಬರೆದದ್ದು ಎಷ್ಟು ಸಲ ಅಂತ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಗವಿಮಠದ ಬೀದಿ, ಕೊಪ್ಪಳ

ಇಷ್ಟೆಲ್ಲ ಓದಿದ ಮೇಲೆ ನನ್ನ ಭಯ ಹೆಚ್ಚಾಗಿದೆ ಅಂತ ನೇರವಾಗಿಯೇ ಹೇಳುತ್ತೇನೆ. ಅಮೆರಿಕದ ಮಾತಾಯಿತು. ನಮ್ಮ ದೇಶದಲ್ಲಿ ಪ್ಯಾನೆಲ್ಲೇ ಕೈಕೊಟ್ಟಾಗ ಏನಾಗಿದೆ? ಯಾರಾದರೂ ಮುಚ್ಚುಮರೆ ಇಲ್ಲದೆ ಹೇಳಿ.

ಲೂಪ್ ಚೆಕ್, ಬಳ್ಳಾರಿ

ಕೇಳಬೇಕಾದ ಪ್ರಶ್ನೆಯೇ. 1993ರ ಮಾರ್ಚ್ 31ರ ಬೆಳಗಿನ ಜಾವ, ಉತ್ತರ ಪ್ರದೇಶದ ನರೋರಾ, ಒಂದನೇ ಯೂನಿಟ್. ಟರ್ಬೈನಿನ ಬ್ಲೇಡ್ ಮುರಿದು, ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬೆಂಕಿ ಕೇಬಲ್ಲುಗಳ ಉದ್ದಕ್ಕೂ ಹರಡಿ ಸುಮಾರು 17 ಗಂಟೆ ಯೂನಿಟ್ಟಿಗೆ ಕರೆಂಟ್ ಇಲ್ಲ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಅಲ್ಲಿಂದ ಎಲ್ಲರೂ ಹೊರಬರಬೇಕಾಯಿತು. ರಿಯಾಕ್ಟರನ್ನು ಮೊದಲೇ ನಿಲ್ಲಿಸಿದ್ದರು. ಆದರೆ ನಿಂತೇ ಇದೆಯಾ, ಒಳಗೆ ಏನಾಗುತ್ತಿದೆ ಅಂತ ತೋರಿಸಲು ಒಂದು ಮೀಟರೂ ಇಲ್ಲ. ಆಪರೇಟರುಗಳು ಬ್ಯಾಟರಿ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ, ಬೋರಾನ್ ದ್ರಾವಣ ಬಿಡುವ ವಾಲ್ವುಗಳನ್ನು ಕೈಯಿಂದಲೇ ತೆರೆದರು. ರಿಯಾಕ್ಟರ್ ಮತ್ತೆ ಚಾಲೂ ಆಗದಂತೆ ಅದು ತಡೆಯುತ್ತದೆ. ಡೀಸೆಲ್ ಅಗ್ನಿಶಾಮಕ ಪಂಪುಗಳಿಂದ ಸ್ಟೀಮ್ ಜನರೇಟರುಗಳಿಗೆ ನೀರು ಕೊಟ್ಟರು. ವಿಕಿರಣ ಹೊರಗೆ ಬರಲಿಲ್ಲ. ಅಣು ಅವಘಡಗಳ ತೀವ್ರತೆ ಅಳೆಯುವ ಅಂತರರಾಷ್ಟ್ರೀಯ ಮಾಪನದಲ್ಲಿ ಅದು ಮೂರನೇ ಹಂತದ ಘಟನೆ.

ಪ್ಯಾನೆಲ್ಲೇ ಇಲ್ಲದಾಗ ಅವರನ್ನು ನಡೆಸಿದ್ದು ಸ್ಥಾವರದ ಯಾವ ಮೂಲೆಯಲ್ಲಿ ಯಾವ ವಾಲ್ವ್ ಇದೆ ಅಂತ ಕಾಲಿಗೆ ಗೊತ್ತಿದ್ದದ್ದು. ಕಾಕಾ, ತರಬೇತಿಯ ವಿಷಯದಲ್ಲಿ ನಿಮ್ಮ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

2011ರ ಫುಕುಶಿಮಾದ ಒಂದನೇ ಯೂನಿಟ್ಟಿನ ಕತೆ ಇನ್ನೂ ಕಠಿಣ. ಸುನಾಮಿಯಿಂದ ಕರೆಂಟ್ ಪೂರ್ತಿ ಹೋಗಿ ಕಂಟ್ರೋಲ್ ರೂಮ್ ಕತ್ತಲಾಯಿತು. ಕಾರುಗಳ ಬ್ಯಾಟರಿ ತಂದು ಮೀಟರುಗಳಿಗೆ ಕೂಡಿಸಿದರು. ರಿಯಾಕ್ಟರಿನ ನೀರಿನ ಮಟ್ಟದ ಮೀಟರ್ ಜೀವ ಬಂದು, ಇಂಧನದ ಮೇಲೆ ಇನ್ನೂ ನೀರಿದೆ ಅಂತ ತೋರಿಸಿತು. ನಿಜದಲ್ಲಿ ನೀರು ಎಷ್ಟೋ ಕೆಳಗೆ ಇಳಿದಿತ್ತು. ಆ ಮೀಟರ್ ಹೋಲಿಕೆಗೆ ಇಟ್ಟುಕೊಂಡಿದ್ದ ಪೈಪಿನ ನೀರೇ ಬಿಸಿಗೆ ಆವಿಯಾಗಿ ಹೋಗಿದ್ದರಿಂದ ಲೆಕ್ಕ ತಪ್ಪಿತ್ತು. ತ್ರೀ ಮೈಲ್ ಐಲೆಂಡಿನಲ್ಲಿ ಮೀಟರ್ ಇರಲಿಲ್ಲ. ಇಲ್ಲಿ ಇತ್ತು, ಆದರೆ ಅದನ್ನೇ ನಂಬುವಂತಿರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಕೈಗಾದ ಒಂದನೇ ಯೂನಿಟ್ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಅಷ್ಟು ರಾತ್ರಿಪಾಳಿಗಳಲ್ಲಿ ಎಷ್ಟು ಜನ ಎಷ್ಟು ಸಣ್ಣ ಸಣ್ಣ ಅಲಾರಂಗಳನ್ನು ಸರಿಯಾಗಿ ಓದಿರಬೇಕು ಯೋಚಿಸಿ. ಅದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಗವಿಮಠದ ಬೀದಿ, ಕೊಪ್ಪಳ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ನನ್ನ ನಿಲುವು ಬದಲಾಗಿಲ್ಲ, ಆದರೆ ಇನ್ನು ಯಾವುದೇ ಸಭೆಗೆ ಹೋದರೂ ಕೇಳುವ ಪ್ರಶ್ನೆ ಬದಲಾಗುತ್ತದೆ. "ಸುರಕ್ಷಿತವೇ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. "ಕಂಟ್ರೋಲ್ ರೂಮಿನ ವಿನ್ಯಾಸ ಮಾಡುವಾಗ ಅಲ್ಲಿ ಕೂರುವವರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿದ್ದೀರಾ, ಏನೇನು ಬದಲಿಸಿದಿರಿ" ಅಂತ ಕೇಳುತ್ತೇನೆ.

ರಾತ್ರಿಪಾಳಿ, ರಾಯಚೂರು

ಅದನ್ನೇ ಕೇಳಿ. ತ್ರೀ ಮೈಲ್ ಐಲೆಂಡ್ ನಂತರ ಅಲ್ಲಿ ಬಂದ ಬದಲಾವಣೆಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಎರಡು. ಪ್ರತಿ ಕಂಟ್ರೋಲ್ ರೂಮನ್ನೂ ಮನುಷ್ಯನ ಕಣ್ಣು, ಕೈ, ತಲೆಯ ಲೆಕ್ಕದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರು. ತುರ್ತು ಸೂಚನೆಗಳನ್ನು ತಿರುಗಿಸಿ ಬರೆದರು: ಯಾವ ವಾಲ್ವ್ ಕೆಟ್ಟಿದೆ ಅಂತ ಮೊದಲು ಕಂಡುಹಿಡಿ ಎನ್ನುವ ಬದಲು, ರಿಯಾಕ್ಟರ್ ತಂಪಾಗಿದೆಯಾ, ನೀರಿದೆಯಾ, ಒತ್ತಡ ಹೇಗಿದೆ ಅಂತ ಲಕ್ಷಣ ನೋಡಿ ಮುಂದುವರಿ ಎಂದು. ಜ್ವರ ಯಾಕೆ ಬಂತು ಅಂತ ತಿಳಿಯುವ ಮೊದಲೇ ಹಣೆಗೆ ಒದ್ದೆ ಬಟ್ಟೆ ಹಾಕುತ್ತೀರಲ್ಲ ಅಕ್ಕಾರ, ಹಾಗೆ.

ಹೊಲದ ಮಾತು, ಮಾನ್ವಿ

ಎಲ್ಲಾರಿಗೂ ನಮಸ್ಕಾರ್ರಿ. ಬಳ್ಳಾರಿ ಅಣ್ಣಾರು ಹೇಳಿದಂಗ ತೊಟ್ಟಿ ಕಟ್ಟಿಸಿ ಫ್ಲೋಟ್ ಹಾಕಿಸಿದೆ. ಈಗ ನೀರು ತೊಟ್ಟಿ ತುಂಬಿದ ಮ್ಯಾಲನ ಫೋನ್ ಬರ್ತದ. ನಿನ್ನಿ ರಾತ್ರಿ ಚಾಲೂ ಮಾಡಿ ಆರು ನಿಮಿಷ ಫೋನ್ ಕೈಯಾಗ ಹಿಡಕೊಂಡು ಕುಂತಿದ್ದೆ, ಬಂತು.

ಈಗ ಒಂದು ಅನುಮಾನ. ಫುಕುಶಿಮಾದ ಮೀಟರ್ ಕತಿ ಓದಿದಾಗಿಂದ ತಲ್ಯಾಗ ಅದ ತಿರುಗಾಕತ್ತದ. ತೊಟ್ಟ್ಯಾಗ ಕಸ ಬಂದು ಫ್ಲೋಟ್ ಮ್ಯಾಲೇ ಸಿಕ್ಕೊಂಡ್ರ? ನೀರು ಇಲ್ಲದಿದ್ರೂ ಅದ ಅಂತನ ಹೇಳ್ತದಲ್ರಿ?

ಲೂಪ್ ಚೆಕ್, ಬಳ್ಳಾರಿ

ಹೇಳುತ್ತದೆ ಅಣ್ಣಾ. ಅದಕ್ಕೆ ಎರಡನೇ ಗುರುತು ಬೇಕು, ಬೇರೆ ದಾರಿಯಿಂದ ಬಂದದ್ದು. ನಿಮ್ಮ ಸ್ಟಾರ್ಟರಿನಲ್ಲಿ ಆಂಪ್ಸ್ ತೋರಿಸುತ್ತದೆಯಾ ನೋಡಿ. ನೀರು ಎತ್ತುವ ಮೋಟರ್ ಹೆಚ್ಚು ಆಂಪ್ಸ್ ಎಳೆಯುತ್ತದೆ, ಖಾಲಿ ತಿರುಗುವುದು ಕಡಿಮೆ. ಇವತ್ತು ನೀರು ಚೆನ್ನಾಗಿ ಬೀಳುವಾಗ ಎಷ್ಟಿದೆ ಅಂತ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಫ್ಲೋಟ್ ಒಂದು ಹೇಳಿ ಆಂಪ್ಸ್ ಇನ್ನೊಂದು ಹೇಳಿದ ದಿನ ಎರಡನ್ನೂ ನಂಬಬೇಡಿ, ಬ್ಯಾಟರಿ ಹಿಡಿದು ಹೋಗಿ ನೋಡಿ.

ಹೊಲದ ಮಾತು, ಮಾನ್ವಿ

ಆಂಪ್ಸ್ ಮೀಟರ್ ಅದರಿ, ಆದ್ರ ಡಬ್ಬಿ ಹಿಂದಿನ ಕಡಿ ಕುಂದ್ರಿಸ್ಯಾರ. ನಾಳೆ ಮೆಕ್ಯಾನಿಕ್‌ನ ಕರದು ಮುಂದ ಹಾಕಿಸ್ತೀನಿ.